ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಆಮ್ಲ: ಯಾರೂ ಕೇಳದ ಒಂದು ಸಂಖ್ಯೆ

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಯಾರನ್ನಾದರೂ ಮಾತಾಡಿಸಿ ನೋಡಿ. ಕಳೆದ ತಿಂಗಳ ಕ್ರಿಯಾಟಿನಿನ್ ಎಷ್ಟಿತ್ತು ಅಂತ ಬಾಯಿಪಾಠ ಹೇಳುತ್ತಾರೆ. ಹಿಮೋಗ್ಲೋಬಿನ್ ಗೊತ್ತು, ಪೊಟ್ಯಾಸಿಯಂ ಗೊತ್ತು, ಎರಡು ಡಯಾಲಿಸಿಸ್ ನಡುವೆ ಎಷ್ಟು ಕೆಜಿ ನೀರು ತುಂಬಿಕೊಂಡಿತು ಅನ್ನೋದಂತೂ ಮನೆಮಂದಿಗೆಲ್ಲ ಗೊತ್ತು. 'ಬೈಕಾರ್ಬನೇಟ್ ಎಷ್ಟಿದೆ?' ಅಂತ ಕೇಳಿದರೆ ಮಾತ್ರ ಬಹುತೇಕರು ನಮ್ಮ ಮುಖ ನೋಡುತ್ತಾರೆ. ಎಷ್ಟೋ ಕಡೆ ತಿಂಗಳ ರಕ್ತಪರೀಕ್ಷೆಯ ಚೀಟಿಯಲ್ಲಿ ಆ ಹೆಸರೇ ಇರುವುದಿಲ್ಲ. ಮೂತ್ರಪಿಂಡ ಕೆಟ್ಟ ಮನುಷ್ಯನ ಸ್ನಾಯು ಕರಗುತ್ತಿದೆಯೋ, ಮೂಳೆ ಸವೆಯುತ್ತಿದೆಯೋ ಅನ್ನುವುದಕ್ಕೆ ನೇರ ಸಂಬಂಧ ಇರುವ ಸಂಖ್ಯೆ ಇದು.

ಇದು ಕಷ್ಟದ ವಿಷಯವೇನಲ್ಲ. ಜಮಾ-ಖರ್ಚಿನ ಲೆಕ್ಕ ಗೊತ್ತಿದ್ದರೆ ಸಾಕು, ಅರ್ಥವಾಗುತ್ತದೆ.

ಆಮ್ಲ ಬರೋದು ಎಲ್ಲಿಂದ?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಹುಣಸೆಹುಳಿ, ನಿಂಬೆಹಣ್ಣು, ಮಜ್ಜಿಗೆ ಇಂಥ ಹುಳಿ ಪದಾರ್ಥಗಳಿಂದ ರಕ್ತ ಆಮ್ಲೀಯ ಆಗುವುದಿಲ್ಲ. ಹೊಟ್ಟೆಯ ಆಸಿಡಿಟಿಗೂ ಇದಕ್ಕೂ ಸಂಬಂಧ ಇಲ್ಲ. ನಾವು ತಿನ್ನುವ ಬೇಳೆ, ಕಾಳು, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿ ಗಂಧಕ ಇರುವ ಅಮೈನೋ ಆಮ್ಲಗಳಿವೆ. ಅವು ದೇಹದಲ್ಲಿ ಉರಿದಾಗ ಉಳಿಯುವುದು ಸಲ್ಫ್ಯೂರಿಕ್ ಆಮ್ಲ. ಉಸಿರಿನಲ್ಲಿ ಹೊರಹೋಗುವ ಇಂಗಾಲದ ಡೈಆಕ್ಸೈಡಿನ ಲೆಕ್ಕ ಬೇರೆ, ಅದನ್ನು ಶ್ವಾಸಕೋಶ ನೋಡಿಕೊಳ್ಳುತ್ತದೆ. ಉಸಿರಿನಲ್ಲಿ ಹೋಗದ ಈ ಆಮ್ಲವನ್ನು ಮೂತ್ರಪಿಂಡವೇ ಹೊರಹಾಕಬೇಕು. ಪ್ರಮಾಣ ಸುಮಾರಾಗಿ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1 ಮಿಲಿಮೋಲ್. 60 ಕೆಜಿ ತೂಕದವರಿಗೆ ದಿನಕ್ಕೆ 60.

ಈ ಆಮ್ಲವನ್ನು ತಕ್ಷಣಕ್ಕೆ ತಡೆಯುವುದು ರಕ್ತದಲ್ಲಿರುವ ಬೈಕಾರ್ಬನೇಟ್. ಆಮ್ಲ ಬಂದಂತೆಲ್ಲ ಅದು ಖರ್ಚಾಗುತ್ತಾ ಹೋಗುತ್ತದೆ. ಆರೋಗ್ಯವಂತ ಮೂತ್ರಪಿಂಡ ಆಮ್ಲವನ್ನು ಮೂತ್ರಕ್ಕೆ ತಳ್ಳಿ, ಖರ್ಚಾದಷ್ಟು ಬೈಕಾರ್ಬನೇಟನ್ನು ಹೊಸದಾಗಿ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಹಾಗಾಗಿ ನಮ್ಮ ನಿಮ್ಮ ರಕ್ತದಲ್ಲಿ ಅದು ಲೀಟರಿಗೆ 22ರಿಂದ 28 ಮಿಲಿಮೋಲ್ ಆಸುಪಾಸಿನಲ್ಲೇ ಇರುತ್ತದೆ. ಮೂತ್ರಪಿಂಡ ಕೈಕೊಟ್ಟವರಲ್ಲಿ ಖರ್ಚು ಮಾತ್ರ ಉಳಿಯುತ್ತದೆ, ಜಮಾ ನಿಂತುಹೋಗುತ್ತದೆ. ಇದನ್ನೇ ವೈದ್ಯರು ಮೆಟಬಾಲಿಕ್ ಆಸಿಡೋಸಿಸ್ ಅನ್ನುತ್ತಾರೆ.

ಹೆಚ್ಚು ಆಮ್ಲ ಕೂಡಿದಾಗ ಕೆಲವರಿಗೆ ಉಸಿರು ಜೋರಾಗುತ್ತದೆ, ಸುಸ್ತು, ವಾಕರಿಕೆ ಇರುತ್ತದೆ. ಆದರೆ ಹೆಚ್ಚಿನವರಿಗೆ ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ. ಬೈಕಾರ್ಬನೇಟ್ ಸಾಲದಾದಾಗ ದೇಹ ಮೂಳೆಯ ಸುಣ್ಣವನ್ನು ಕರಗಿಸಿ ಆಮ್ಲವನ್ನು ಶಮನ ಮಾಡುತ್ತದೆ. ಸ್ನಾಯುವಿನ ಜೀವಕೋಶಗಳಲ್ಲಿ ಪ್ರೋಟೀನ್ ಒಡೆಯುವ ವ್ಯವಸ್ಥೆ ಚುರುಕಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ನಾಯು ಕರಗುವುದನ್ನು ಕಂಡುಹಿಡಿಯುವುದೂ ಸುಲಭ ಇಲ್ಲ. ಕರಗಿದ ಸ್ನಾಯುವಿನ ಜಾಗವನ್ನು ನೀರು ತುಂಬಿಕೊಂಡರೆ ತಕ್ಕಡಿ ಮೊದಲಿನಷ್ಟೇ ತೋರಿಸುತ್ತದೆ. 'ಡ್ರೈ ವೇಟ್ 58' ಅಂತ ಫೈಲಿನಲ್ಲಿ ಬರೆದದ್ದು ವರ್ಷಗಟ್ಟಲೆ 58 ಆಗಿಯೇ ಉಳಿದರೆ ಖುಷಿಪಡುವ ಮೊದಲು ತೋಳು, ತೊಡೆ ನೋಡಬೇಕು.

ಗರಗಸದ ಹಲ್ಲಿನ ಗ್ರಾಫ್

ಹಿಮೋಡಯಾಲಿಸಿಸ್ ಯಂತ್ರ ರಕ್ತದಿಂದ ಯೂರಿಯಾ, ಪೊಟ್ಯಾಸಿಯಂ ತೆಗೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ರಕ್ತಕ್ಕೆ ಬೈಕಾರ್ಬನೇಟ್ ಕೊಡುತ್ತದೆ ಕೂಡ. ಡಯಾಲೈಸರ್ ಒಳಗೆ ಒಂದು ಬದಿ ರಕ್ತ, ಇನ್ನೊಂದು ಬದಿ ಡಯಾಲಿಸೇಟ್ ದ್ರವ ಹರಿಯುತ್ತದೆ. ದ್ರವದಲ್ಲಿ ಬೈಕಾರ್ಬನೇಟನ್ನು ಬೇಕೆಂದೇ ರಕ್ತಕ್ಕಿಂತ ಹೆಚ್ಚು, ಸಾಮಾನ್ಯವಾಗಿ 32ರಿಂದ 38ರ ನಡುವೆ ಇಟ್ಟಿರುತ್ತಾರೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ಸಾಗುತ್ತದೆ. ನಾಲ್ಕು ಗಂಟೆ ಮುಗಿಯುವ ಹೊತ್ತಿಗೆ ರೋಗಿಯ ಬೈಕಾರ್ಬನೇಟ್ 26-28ಕ್ಕೆ ಏರಿರುತ್ತದೆ. ಮನೆಗೆ ಹೋದ ಮೇಲೆ ಮತ್ತೆ ಇಳಿಮುಖ.

ಎಂಜಿನಿಯರಿಂಗ್ ಓದಿದವರಿಗೆ ಈ ಗ್ರಾಫ್ ಪರಿಚಿತ. ಗರಗಸದ ಹಲ್ಲಿನ ಹಾಗೆ ಸರ್ರನೆ ಏರಿ ನಿಧಾನ ಇಳಿಯುತ್ತದೆ. ಒಂದು ಒರಟು ಲೆಕ್ಕ ಹಾಕೋಣ. 60 ಕೆಜಿ ತೂಕದವರಲ್ಲಿ ಬೈಕಾರ್ಬನೇಟ್ ಹರಡಿಕೊಂಡಿರುವ ಜಾಗ ತೂಕದ ಅರ್ಧ ಅಂತಿಟ್ಟುಕೊಂಡರೆ 30 ಲೀಟರ್. ದಿನಕ್ಕೆ 60 ಮಿಲಿಮೋಲ್ ಆಮ್ಲ. ಅಂದರೆ ದಿನಕ್ಕೆ ಲೀಟರಿಗೆ 2ರಂತೆ ಇಳಿಕೆ. ಡಯಾಲಿಸಿಸ್ ಮುಗಿದಾಗ 27 ಇದ್ದರೆ, ಸೋಮವಾರ-ಬುಧವಾರ-ಶುಕ್ರವಾರ ಬರುವವರಿಗೆ ಬುಧವಾರ, ಶುಕ್ರವಾರ 23, ಎರಡು ದಿನ ಬಿಡುವಿನ ನಂತರ ಸೋಮವಾರ 21. ಇದೇ ಮನುಷ್ಯ ವಾರಕ್ಕೆ ಎರಡೇ ಸಲ, ಸೋಮವಾರ-ಗುರುವಾರ ಬಂದರೆ? ಗುರುವಾರ 21, ಮುಂದಿನ ಸೋಮವಾರ 19. ಒಂದು ಸಲ ತಪ್ಪಿಸಿದರೆ ಕಾಗದದ ಮೇಲಿನ ಲೆಕ್ಕ 13ಕ್ಕೆ ಇಳಿಯುತ್ತದೆ. ನಿಜವಾದ ದೇಹದಲ್ಲಿ ಅಷ್ಟು ನೇರವಾಗಿ ಇಳಿಯುವುದಿಲ್ಲ, ಯಾಕಂದರೆ ಮೂಳೆ, ಸ್ನಾಯು ಆ ಸಾಲ ತೀರಿಸಲು ನಿಲ್ಲುತ್ತವೆ. ಇದರ ಮೇಲೆ ಮಧ್ಯೆ ಕುಡಿದ ನೀರು ರಕ್ತವನ್ನು ತೆಳುಮಾಡಿ ಸಂಖ್ಯೆಯನ್ನು ಇನ್ನಷ್ಟು ಕೆಳಗೆ ಒಯ್ಯುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಬಿಡುವಿನ ಉದ್ದ. ಡಯಾಲಿಸಿಸ್ ಶುರುವಾದ ಮೊದಲ ಎರಡು ಗಂಟೆಯಲ್ಲೇ ಬೈಕಾರ್ಬನೇಟ್ ಹೆಚ್ಚಿನಂಶ ಒಳಗೆ ಬಂದಿರುತ್ತದೆ. ರಕ್ತದ ಮಟ್ಟ ಏರಿದಂತೆ ಎರಡೂ ಬದಿಯ ವ್ಯತ್ಯಾಸ ಕಡಿಮೆಯಾಗಿ ವೇಗ ತಗ್ಗುತ್ತದೆ. ಹಾಗಂತ ಗಂಟೆ ಕಡಿತ ಮಾಡಿದರೆ ನಡೆಯುತ್ತೆ ಅಂತಲ್ಲ. ನೀರು, ಫಾಸ್ಫೇಟ್ ತೆಗೆಯಲು ಪೂರ್ತಿ ಸಮಯ ಬೇಕೇ ಬೇಕು. ಆದರೆ ಆಮ್ಲದ ಮಟ್ಟಿಗೆ ಹೇಳುವುದಾದರೆ, ವಾರಕ್ಕೆ ಎರಡು ದೊಡ್ಡ ಡಯಾಲಿಸಿಸ್ ಮೂರು ಸಾಧಾರಣ ಡಯಾಲಿಸಿಸ್‌ಗೆ ಸಮ ಆಗುವುದಿಲ್ಲ.

ಬಜೆಟ್ಟಿನ ಲೆಕ್ಕ, ವಾರ್ಡಿನ ಲೆಕ್ಕ

2016-17ರ ಕೇಂದ್ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ಜಿಲ್ಲಾಸ್ಪತ್ರೆಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಡಯಾಲಿಸಿಸ್ ಕೊಡುವ ಯೋಜನೆ ಅದು. ದೇಶದಲ್ಲಿ ಪ್ರತಿ ವರ್ಷ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆ, ಅದರಿಂದ 3.4 ಕೋಟಿ ಹೆಚ್ಚುವರಿ ಡಯಾಲಿಸಿಸ್ ಬೇಕಾಗುತ್ತದೆ ಅಂತ ಅವರು ಹೇಳಿದ್ದರು. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ. ಒಬ್ಬರಿಗೆ ವರ್ಷಕ್ಕೆ ಸುಮಾರು 155. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156. ಅಂದರೆ ಸರ್ಕಾರದ ಲೆಕ್ಕವೇ ವಾರಕ್ಕೆ ಮೂರರದ್ದು.

ವಾರ್ಡಿನಲ್ಲಿ ನಡೆಯುತ್ತಿರುವುದು ಹಾಗಿಲ್ಲ. ಭಾರತದಲ್ಲಿ ವಾರಕ್ಕೆ ಎರಡು ಸಲ ಅನ್ನುವುದೇ ಎಷ್ಟೋ ಕಡೆ ವಾಡಿಕೆಯಾಗಿಬಿಟ್ಟಿದೆ. ಕಾರಣ ವೈದ್ಯಕೀಯವಲ್ಲ. ಯಂತ್ರ ಕಡಿಮೆ, ಕಾಯುವವರ ಪಟ್ಟಿ ಉದ್ದ. ಚಿಕಿತ್ಸೆ ಉಚಿತವಾದರೂ ಬಸ್ ಚಾರ್ಜು ಉಚಿತವಲ್ಲ, ರೋಗಿಯ ಜೊತೆ ಬರುವವರ ದಿನಗೂಲಿಯನ್ನು ಯಾರೂ ಕಟ್ಟಿಕೊಡುವುದಿಲ್ಲ. ಕರ್ನಾಟಕದ ತಾಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಲ್ಲಿ ಗುತ್ತಿಗೆ ಸಿಬ್ಬಂದಿ ಬಾಕಿ ಸಂಬಳ ಕೇಳಿ ಮುಷ್ಕರ ಕೂತ ಸುದ್ದಿಯನ್ನು ಕಳೆದ ಕೆಲವು ವರ್ಷಗಳಲ್ಲಿ ಓದಿದ್ದೀರಿ. ಅಂಥ ಒಂದೊಂದು ದಿನವೂ ಯಾರದೋ ಗ್ರಾಫಿನಲ್ಲಿ ಹಲ್ಲು ಇನ್ನಷ್ಟು ಕೆಳಗಿಳಿದ ದಿನ.

ವಾರಕ್ಕೆ ಎರಡು ಸಲ ಎಲ್ಲರಿಗೂ ತಪ್ಪು ಅಂತ ಹೇಳಲು ಬರುವುದಿಲ್ಲ. ಡಯಾಲಿಸಿಸ್ ಶುರುಮಾಡಿ ಸ್ವಲ್ಪವೇ ಕಾಲವಾಗಿದ್ದು, ಇನ್ನೂ ಚೆನ್ನಾಗಿ ಮೂತ್ರ ಹೋಗುತ್ತಿದ್ದರೆ, ಉಳಿದ ಮೂತ್ರಪಿಂಡದ ಶಕ್ತಿಯೇ ಒಂದಷ್ಟು ಆಮ್ಲ ನಿಭಾಯಿಸುತ್ತದೆ. ಆಗ ವೈದ್ಯರೇ ಯೋಚಿಸಿ ಎರಡು ಸಲ ಸಾಕು ಅನ್ನಬಹುದು. ಆದರೆ ಅದನ್ನು 24 ಗಂಟೆಯ ಮೂತ್ರ ಅಳೆದು ತೀರ್ಮಾನ ಮಾಡಬೇಕೇ ಹೊರತು ಖಾಲಿ ಬೆಡ್ ನೋಡಿ ಅಲ್ಲ.

ಎ ಪಾರ್ಟ್, ಬಿ ಪಾರ್ಟ್

ಡಯಾಲಿಸಿಸ್ ಯಂತ್ರದ ಪಕ್ಕ ಎರಡು ಕ್ಯಾನ್ ಇರುತ್ತವೆ. ಒಂದು ಎ, ಇನ್ನೊಂದು ಬಿ. ಒಂದೇ ಕ್ಯಾನಿನಲ್ಲಿ ಯಾಕೆ ಹಾಕಿಡಬಾರದು? ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ನೋಡಿದವರಿಗೆ ಉತ್ತರ ಗೊತ್ತು. ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಒಟ್ಟಿಗೆ ಇಟ್ಟರೆ ಸುಣ್ಣವಾಗಿ ತಳ ಸೇರುತ್ತದೆ. 1940ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೃತಕ ಮೂತ್ರಪಿಂಡ ಕಟ್ಟಿದ ವಿಲೆಮ್ ಕೋಲ್ಫ್ ಬಳಸಿದ್ದು ಬೈಕಾರ್ಬನೇಟನ್ನೇ. ಆದರೆ ಅದನ್ನು ಮೊದಲೇ ತಯಾರಿಸಿಟ್ಟು ಹತ್ತಾರು ರೋಗಿಗಳಿಗೆ ಬಳಸುವುದು ಕಷ್ಟ. 1960ರಲ್ಲಿ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ದೀರ್ಘಕಾಲದ ಡಯಾಲಿಸಿಸ್ ಸಾಧ್ಯ ಅಂತ ತೋರಿಸಿದ ಮೇಲೆ ಈ ತೊಂದರೆ ದೊಡ್ಡದಾಯಿತು. 1964ರಲ್ಲಿ ಅದೇ ತಂಡ ಬೈಕಾರ್ಬನೇಟ್ ಬದಲು ಅಸಿಟೇಟ್ ಹಾಕಿತು. ಅಸಿಟೇಟ್ ತಳ ಸೇರುವುದಿಲ್ಲ, ದೇಹದೊಳಗೆ ಹೋದ ಮೇಲೆ ಬೈಕಾರ್ಬನೇಟ್ ಆಗಿ ಬದಲಾಗುತ್ತದೆ. ಕಾರ್ಖಾನೆಗೆ ಅನುಕೂಲ, ರೋಗಿಗೆ ಅಷ್ಟಿಲ್ಲ. ಎಷ್ಟೋ ಜನಕ್ಕೆ ಬಿಪಿ ಕುಸಿಯುವುದು, ವಾಂತಿ, ತಲೆನೋವು ಬಂತು. ಎರಡು ಕ್ಯಾನಿನ ದ್ರವವನ್ನು ಆಗಲೇ ನೀರಿಗೆ ಬೆರೆಸುವ ಯಂತ್ರಗಳು 1980ರ ದಶಕದಲ್ಲಿ ಹರಡಿದ ಮೇಲೆ ಜಗತ್ತು ಬೈಕಾರ್ಬನೇಟಿಗೆ ಮರಳಿತು.

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಯಂತ್ರದ ಪರದೆಯಲ್ಲಿ 'ಬೈಕಾರ್ಬನೇಟ್ 34' ಅಂತ ಕಾಣುತ್ತದಲ್ಲ, ಯಂತ್ರ ಅದನ್ನು ನೇರವಾಗಿ ಅಳೆದಿರುವುದಿಲ್ಲ. ಅದು ಅಳೆಯುವುದು ದ್ರವದ ವಿದ್ಯುತ್ ವಾಹಕತೆಯನ್ನು. ಅದರಿಂದ, ಬೆರೆಕೆ ಸರಿಯಾಗಿದೆ ಅಂತ ನಂಬಿ, ಸಂಖ್ಯೆಯನ್ನು ಊಹಿಸುತ್ತದೆ. ಬಿ ಪಾರ್ಟ್ ದ್ರಾವಣ ಹಳೆಯದಾದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಗುಣ ಕೆಡುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಅದು ಬಲು ಒಳ್ಳೆಯ ಜಾಗ ಕೂಡ. ಹಾಗಾಗಿ ಆ ದಿನ ಕಲಸಿದ್ದನ್ನು ಆ ದಿನವೇ ಮುಗಿಸಬೇಕು. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದ ಘಟಕದಲ್ಲಿ ಪರದೆಯ ಸಂಖ್ಯೆಗೆ ಬೆಲೆ ಇಲ್ಲ.

ಇನ್ನೊಂದು, ಎ ಪಾರ್ಟ್‌ನಲ್ಲೂ ಸ್ವಲ್ಪ ಅಸಿಟೇಟ್ ಇರುತ್ತದೆ, ಸಾಮಾನ್ಯವಾಗಿ 3-4 ಮಿಲಿಮೋಲ್. ಅದೂ ಕೊನೆಗೆ ಬೈಕಾರ್ಬನೇಟ್ ಲೆಕ್ಕಕ್ಕೇ ಸೇರುತ್ತದೆ. ಅಮೆರಿಕದಲ್ಲಿ ಫ್ರೆಸೀನಿಯಸ್ ಕಂಪನಿಯ ಗ್ರಾನ್ಯುಫ್ಲೋ ಎಂಬ ಪುಡಿಯಲ್ಲಿ ಇದು 8 ಇತ್ತು. ವೈದ್ಯರು ಪರದೆಯ ಬೈಕಾರ್ಬನೇಟ್ ಮಾತ್ರ ನೋಡಿ ಬರೆದರೆ ರೋಗಿಗೆ ಸಿಗುವ ಒಟ್ಟು ಕ್ಷಾರ ಅಂದುಕೊಂಡಿದ್ದಕ್ಕಿಂತ ಹೆಚ್ಚು. ಕಂಪನಿ 2011ರ ನವೆಂಬರಿನಲ್ಲಿ ತನ್ನ ಕ್ಲಿನಿಕ್‌ಗಳ ವೈದ್ಯರಿಗೆ ಒಳಗೊಳಗೇ ಎಚ್ಚರಿಕೆ ಪತ್ರ ಕಳಿಸಿತ್ತು, ಅದೇ ಪುಡಿ ಕೊಳ್ಳುತ್ತಿದ್ದ ಹೊರಗಿನ ಕ್ಲಿನಿಕ್‌ಗಳಿಗೆ ಹೇಳಿರಲಿಲ್ಲ. ಪತ್ರ 2012ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಕೈಸೇರಿ ಎಚ್ಚರಿಕೆ ಹೊರಬಿತ್ತು. ಸಾವಿರಾರು ಮೊಕದ್ದಮೆಗಳಾಗಿ 2016ರಲ್ಲಿ ಕಂಪನಿ 25 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಬೈಕಾರ್ಬನೇಟ್ ಕಡಿಮೆಯಾದರೆ ಮಾತ್ರ ತೊಂದರೆ ಅಂದುಕೊಂಡವರು ಈ ಪ್ರಕರಣ ಓದಬೇಕು. ಅದು ಅತಿಯಾದರೆ ಪೊಟ್ಯಾಸಿಯಂ ಥಟ್ಟನೆ ಜೀವಕೋಶಗಳೊಳಗೆ ಸರಿಯುತ್ತದೆ, ರಕ್ತದ ಮುಕ್ತ ಕ್ಯಾಲ್ಸಿಯಂ ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಹೃದಯದ ಲಯ ತಪ್ಪಬಹುದು.

ಹಾಗಾದರೆ ಎಷ್ಟಿರಬೇಕು?

ತಜ್ಞರಲ್ಲೇ ಒಮ್ಮತ ಇಲ್ಲ. ಅಮೆರಿಕದ ಕೆಡೋಕಿ ಮಾರ್ಗಸೂಚಿ 2000ದಲ್ಲಿ ಡಯಾಲಿಸಿಸ್‌ಗೆ ಮುಂಚಿನ ಮಟ್ಟ 22 ಅಥವಾ ಹೆಚ್ಚು ಇರಲಿ ಅಂದಿತು, 2020ರಲ್ಲಿ 24ರಿಂದ 26 ಅಂದಿತು. ಬ್ರಿಟನ್ನಿನ ರೀನಲ್ ಅಸೋಸಿಯೇಷನ್ 18ರಿಂದ 24 ಅಂತ ಹೇಳಿತ್ತು. ಹಲವು ದೇಶಗಳ ಡಾಪ್ಸ್ ಅಧ್ಯಯನದ 7 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು 2004ರಲ್ಲಿ ಪ್ರಕಟಿಸಿದಾಗ ಸಾವಿನ ಅಪಾಯ ತೀರಾ ಕಡಿಮೆ ಕಂಡದ್ದು 20-21ರ ಆಸುಪಾಸಿನಲ್ಲಿ. 17ಕ್ಕಿಂತ ಕೆಳಗೆ, 27ಕ್ಕಿಂತ ಮೇಲೆ ಅಪಾಯ ಹೆಚ್ಚು.

20 ಒಳ್ಳೆಯದು ಅನ್ನುವುದು ವಿಚಿತ್ರ ಅನ್ನಿಸುತ್ತೆ. ಒಗಟು ಬಿಡಿಸುವುದು ಊಟದ ತಟ್ಟೆ. ಚೆನ್ನಾಗಿ ಪ್ರೋಟೀನ್ ತಿನ್ನುವವರಲ್ಲಿ ಆಮ್ಲ ಹೆಚ್ಚು, ಹಾಗಾಗಿ ಬೈಕಾರ್ಬನೇಟ್ ಸ್ವಲ್ಪ ಕಡಿಮೆ. ಹಸಿವೇ ಸತ್ತು ಏನೂ ತಿನ್ನದವರ ರಿಪೋರ್ಟಿನಲ್ಲಿ ಬೈಕಾರ್ಬನೇಟ್ 27 ಅಂತ ಚಂದ ಕಾಣುತ್ತದೆ! 2006ರಲ್ಲಿ ಅಮೆರಿಕದ 56 ಸಾವಿರಕ್ಕೂ ಹೆಚ್ಚು ರೋಗಿಗಳ ವಿಶ್ಲೇಷಣೆಯಲ್ಲಿ ಪೋಷಣೆ, ಉರಿಯೂತದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಚಿತ್ರ ತಿರುಗಿತು, 22ಕ್ಕಿಂತ ಮೇಲಿರುವುದೇ ವಾಸಿ ಅಂತ ಕಂಡಿತು. ಮತ್ತೆ 2013ರಲ್ಲಿ ಡಾಪ್ಸ್‌ನದೇ 11 ದೇಶಗಳ ಮಾಹಿತಿ, ಡಯಾಲಿಸೇಟಿನ ಬೈಕಾರ್ಬನೇಟ್ 4 ಮಿಲಿಮೋಲ್ ಏರಿದರೆ ಸಾವಿನ ಅಪಾಯ ಶೇ. 8ರಷ್ಟು ಹೆಚ್ಚು ಅಂತ ತೋರಿಸಿತು. ಇವೆಲ್ಲ ಗಮನಿಸಿ ನೋಡಿದ ಅಧ್ಯಯನಗಳು, ಪ್ರಯೋಗಗಳಲ್ಲ. 2007ರ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ್ದು ಮೂರೇ ಮೂರು ಪ್ರಯೋಗ, ಒಟ್ಟು 117 ರೋಗಿಗಳು. ಲಕ್ಷಾಂತರ ಜನಕ್ಕೆ ವಾರಕ್ಕೆರಡು ಮೂರು ಸಲ ಕೊಡುವ ಒಂದು ವಸ್ತುವಿನ ಪ್ರಮಾಣದ ಬಗ್ಗೆ ನಮ್ಮ ಪುರಾವೆಯ ಬಡತನ ಇಷ್ಟಿದೆ.

ನನ್ನ ಓದಿನ ಪ್ರಕಾರ ಇಷ್ಟನ್ನು ಧೈರ್ಯವಾಗಿ ಹೇಳಬಹುದು: ಡಯಾಲಿಸಿಸ್‌ಗೆ ಮುಂಚೆ 18-19ಕ್ಕಿಂತ ಕೆಳಗೆ ಪದೇಪದೇ ಬಂದರೆ ಸುಮ್ಮನೆ ಕೂರಬಾರದು. 26-27 ದಾಟಿದರೂ ಸುಮ್ಮನೆ ಕೂರಬಾರದು, ಮೊದಲು ರೋಗಿ ಏನು ತಿನ್ನುತ್ತಿದ್ದಾರೆ ಅಂತ ಕೇಳಬೇಕು. ನಡುವಿನದ್ದು ಆಯಾ ರೋಗಿಯನ್ನು ನೋಡಿ ವೈದ್ಯರು ತೀರ್ಮಾನಿಸುವ ವಿಷಯ.

ಸರಿಪಡಿಸುವ ದಾರಿಗಳು

ಮೊದಲ ಪ್ರಶ್ನೆ, ಡಯಾಲಿಸಿಸ್ ಸಾಕಷ್ಟು ಸಿಗುತ್ತಿದೆಯೇ? ತಪ್ಪಿಸಿದ ಸರದಿಗಳೆಷ್ಟು, ಫಿಸ್ಟುಲಾದಲ್ಲಿ ರಕ್ತದ ಹರಿವು ಸರಿ ಇದೆಯೇ, ನಾಲ್ಕು ಗಂಟೆ ಬರೆದು ಮೂರೂಕಾಲಕ್ಕೆ ಇಳಿಸುತ್ತಿದ್ದಾರೆಯೇ? ಅದನ್ನು ಬಿಟ್ಟು ಮಾತ್ರೆ ಕೊಡುವುದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಎರಡನೆಯದು ಡಯಾಲಿಸೇಟಿನ ಬೈಕಾರ್ಬನೇಟ್ ಬದಲಿಸುವುದು. ಹೆಚ್ಚಿನ ಯಂತ್ರಗಳಲ್ಲಿ ಇದು ಒಂದು ಸೆಟ್ಟಿಂಗ್ ಅಷ್ಟೇ. ಆದರೆ ಕೆಲಸದ ಒತ್ತಡವಿರುವ ಘಟಕದಲ್ಲಿ ಎಲ್ಲ ರೋಗಿಗೂ ಒಂದೇ ಸಂಖ್ಯೆ ನಡೆಯುತ್ತಿರುತ್ತದೆ. ಟೆಕ್ನಿಷಿಯನ್ ತಾನಾಗಿ ಬದಲಿಸುವಂತಿಲ್ಲ, ನೆಫ್ರಾಲಜಿಸ್ಟ್ ತಾಲೂಕಿಗೆ ಬರುವುದೇ ಅಪರೂಪ. ಹೆಚ್ಚಿಸುವಾಗಲೂ ಡಯಾಲಿಸಿಸ್ ನಂತರದ ಮಟ್ಟ ವಿಪರೀತ ಏರದ ಹಾಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ಮೂರನೆಯದು ಸೋಡಾ ಮಾತ್ರೆ. 500 ಮಿಲಿಗ್ರಾಂನ ಒಂದು ಸೋಡಿಯಂ ಬೈಕಾರ್ಬನೇಟ್ ಮಾತ್ರೆಯಲ್ಲಿ ಸುಮಾರು 6 ಮಿಲಿಮೋಲ್ ಇರುತ್ತದೆ. ದಿನಕ್ಕೆ ಆರು ಮಾತ್ರೆ ಅಂದರೆ 36, ಮೇಲೆ ಹೇಳಿದ 60 ಕೆಜಿಯವರ ದಿನದ ಆಮ್ಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸುಲಭ, ಅಗ್ಗ. ಜೊತೆಗೆ ಬರುವ ಸೋಡಿಯಂ ಸುಮಾರು 2 ಗ್ರಾಂ ಅಡಿಗೆ ಉಪ್ಪಿಗೆ ಸಮ. ಬಾಯಾರಿಕೆ, ಊತ, ಬಿಪಿ ನೋಡಿಕೊಂಡು, ಕೆಲವು ವೈದ್ಯರು ಡಯಾಲಿಸಿಸ್ ಇಲ್ಲದ ದಿನ ಮಾತ್ರ ಕೊಡುತ್ತಾರೆ. ಅಡಿಗೆ ಸೋಡಾವನ್ನು ಮನೆಯಲ್ಲೇ ಚಮಚದಲ್ಲಿ ಅಳೆದು ಕುಡಿಯುವ ಸಾಹಸ ಬೇಡ. ಒಂದು ಟೀ ಚಮಚದಲ್ಲೇ ಸುಮಾರು 60 ಮಿಲಿಮೋಲ್ ಇರುತ್ತದೆ.

ಫಾಸ್ಫೇಟ್ ಇಳಿಸಲು ಊಟದ ಜೊತೆ ಕೊಡುವ ಮಾತ್ರೆಯ ಹೆಸರನ್ನೂ ಒಮ್ಮೆ ಓದಿ. ಸೆವೆಲಮರ್ ಎರಡು ರೂಪದಲ್ಲಿದೆ. ಹೈಡ್ರೋಕ್ಲೋರೈಡ್ ರೂಪ ಬೈಕಾರ್ಬನೇಟನ್ನು ಇಳಿಸುತ್ತದೆ, ಕಾರ್ಬೊನೇಟ್ ರೂಪ ಇಳಿಸುವುದಿಲ್ಲ. ಮಾತ್ರೆಯ ಬಾಲದ ಹೆಸರಿಗೆ ಇಷ್ಟು ಮಹತ್ವ.

ಊಟದ ವಿಷಯದಲ್ಲಿ ಎರಡು ಅಪಾಯ. ಪ್ರೋಟೀನಿನಿಂದ ಆಮ್ಲ ಬರುತ್ತದೆ ಅಂತ ಬೇಳೆ, ಮೊಟ್ಟೆ ಬಿಡಿಸುವುದು ಒಂದು. ಡಯಾಲಿಸಿಸ್‌ನಲ್ಲಿರುವವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅದನ್ನು ಕಡಿಮೆ ಮಾಡಿ ರಿಪೋರ್ಟ್ ಚಂದ ಮಾಡಿದರೆ ಸ್ನಾಯು ಹೋಗುತ್ತದೆ. ಇನ್ನೊಂದು, ಹಣ್ಣು, ಸೊಪ್ಪು, ಎಳನೀರು ಕ್ಷಾರೀಯ ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬುವುದು. ಮೂತ್ರಪಿಂಡ ಕಾಯಿಲೆಯ ಮೊದಲ ಹಂತಗಳಲ್ಲಿ ಹಣ್ಣು ತರಕಾರಿಯಿಂದ ಆಮ್ಲ ಇಳಿಯುವುದು ನಿಜ. ಆದರೆ ಮೂತ್ರವೇ ಹೋಗದ ಡಯಾಲಿಸಿಸ್ ರೋಗಿಗೆ ಎಳನೀರಿನ ಪೊಟ್ಯಾಸಿಯಂ ಹೃದಯ ನಿಲ್ಲಿಸಬಹುದು. 'ಆಲ್ಕಲೈನ್ ವಾಟರ್' ಮಾರುವವರ ಬಗ್ಗೆ ಬೇರೆ ಹೇಳಬೇಕಿಲ್ಲ.

ಕೊನೆಗೆ ಸ್ಯಾಂಪಲ್. ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲು, ಪ್ರತಿ ಸಲ ವಾರದ ಒಂದೇ ಸರದಿಯಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಹೋದ ತಿಂಗಳ 23ಕ್ಕೂ ಈ ತಿಂಗಳ 20ಕ್ಕೂ ಹೋಲಿಕೆಯೇ ಆಗದು, ಬುಧವಾರ ಮತ್ತು ಸೋಮವಾರದ ವ್ಯತ್ಯಾಸ ಅದಷ್ಟೇ ಇರಬಹುದು. ಟ್ಯೂಬು ಪೂರ್ತಿ ತುಂಬಿರಬೇಕು, ಬಿಗಿಯಾಗಿ ಮುಚ್ಚಿರಬೇಕು, ಬೇಗ ಲ್ಯಾಬ್ ಸೇರಬೇಕು. ತಾಲೂಕಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆ ಜಿಲ್ಲಾ ಕೇಂದ್ರದ ಲ್ಯಾಬ್ ಮುಟ್ಟುವ ಹೊತ್ತಿಗೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಇಲ್ಲದ ಆಸಿಡೋಸಿಸ್ ಕಾಣಿಸಿಕೊಳ್ಳಬಹುದು.

ಮಾಹಿತಿ ಹಕ್ಕಿನ ಅರ್ಜಿ ಹಾಕುವ ಅಭ್ಯಾಸ ಇರುವ ಗೆಳೆಯರು ನಿಮ್ಮ ತಾಲೂಕು ಆಸ್ಪತ್ರೆಗೆ ನಾಲ್ಕು ಪ್ರಶ್ನೆ ಕೇಳಬಹುದು: ಡಯಾಲಿಸಿಸ್ ಗುತ್ತಿಗೆ ಕರಾರಿನಲ್ಲಿ ಪ್ರತಿ ತಿಂಗಳು ಮಾಡಬೇಕಾದ ರಕ್ತಪರೀಕ್ಷೆಗಳು ಯಾವುವು, ಅದರಲ್ಲಿ ಬೈಕಾರ್ಬನೇಟ್ ಇದೆಯೇ? ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆಯುತ್ತಿರುವವರೆಷ್ಟು, ಎರಡು ಸಲದವರೆಷ್ಟು? ಬಿಲ್ ಪಾವತಿಯಾಗುವುದು ಸರದಿಗಳ ಸಂಖ್ಯೆಗೋ, ಗುಣಮಟ್ಟದ ಅಳತೆಯೂ ಅದಕ್ಕೆ ಸೇರಿದೆಯೋ? ಕಳೆದ ಆರು ತಿಂಗಳಲ್ಲಿ ನೆಫ್ರಾಲಜಿಸ್ಟ್ ಘಟಕಕ್ಕೆ ಬಂದು ರೋಗಿಗಳನ್ನು ನೋಡಿದ ದಿನಾಂಕಗಳು ಯಾವುವು?